ನಾನು ಸಡಿಲವಾಗಿ ಕಟ್ಟಿದ ಹೂವು

ಮಗಳಿಗೆ ಒಳ್ಳೆಯ ಶಾಲೆಯಲ್ಲಿ ಸೀಟು ಸಿಗಲಿ ಎಂದು ಹರಕೆ ಹೊತ್ತ ತಾಯಂದಿರ ಅನುಭವಗಳನ್ನು ನೀವೆಲ್ಲ ಓದಿರುತ್ತೀರಿ. ನಾನು ಸಿಗದೇ ಇರಲಿ ಎಂದು ಬೇಡಿಕೊಂಡವಳು. ಅದೂ ಸಾಲದು ಅಂತ ನಮ್ಮ ತಾಯಿ ಮಾರಮ್ಮನಿಗೇ ಮೋಸ ಮಾಡಲು ಹೋದವಳು. ಭಕ್ತರ ಅನುಭವಗಳನ್ನು ಸೇರಿಸಿ ತರುವ ಗುಡಿಯ ಪುಸ್ತಕಕ್ಕೆ ಏನಾದರೂ ಬರೆದುಕೊಡು ಎಂದು ಪೂಜಾರಿ ಚಿಕ್ಕಣ್ಣನವರು ಕೇಳಿದಾಗ ಒಂದು ವಾರ ಅವರ ಕಣ್ಣಿಗೆ ಬೀಳದಂತೆ ಓಡಾಡಿದೆ. ಆಮೇಲೆ, ಬರೆಯುವುದಾದರೆ ಇದನ್ನೇ ಬರೆಯಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು ಅನ್ನಿಸಿತು. ಓದಿ ಬೈದುಕೊಳ್ಳುವವರು ಬೈದುಕೊಳ್ಳಲಿ.

ನನ್ನ ಹೆಸರು ಮಹದೇವಮ್ಮ. ನಜರ್‌ಬಾದಿನಲ್ಲಿ, ನಮ್ಮ ಮಾರಮ್ಮನ ಗುಡಿಯ ಹಿಂದಿನ ಬೀದಿಯಲ್ಲಿ, ವಠಾರದ ಮೂರನೇ ಮನೆ ನಮ್ಮದು. ಹೂ ಕಟ್ಟುವುದು ನನ್ನ ಕೆಲಸ. ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಿಡಿ ಹೂ ತಂದು, ಕಟ್ಟಿ, ತಿಂಗಳ ಲೆಕ್ಕಕ್ಕೆ ಹೂ ಕೊಳ್ಳುವ ವರ್ತನೆಯ ಮನೆಗಳಿಗೆ ದಿನಾ ಕೊಟ್ಟುಬರುತ್ತೇನೆ. ಮಂಗಳವಾರ, ಶುಕ್ರವಾರ ಅಮ್ಮನಿಗೆ ಏರಿಸುವ ಹಾರ ನನ್ನ ಕೈಯದೇ. ಇಪ್ಪತ್ತು ವರ್ಷವಾಯಿತು. ಬಾಳೆನಾರನ್ನು ಎರಡು ಸುತ್ತು ಸುತ್ತಿ ಗಂಟು ಎಳೆದೆನೆಂದರೆ ಹೂವು ಬಾಡಿ ಒಣಗಬೇಕೇ ಹೊರತು ಜಾರುವುದಿಲ್ಲ. ಈ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಜಾಸ್ತಿ.

ಮಗಳು ಭೂಮಿಕಾಳಿಗೆ ಐದು ತುಂಬುವ ಮೊದಲೇ ಯಜಮಾನರು ಜ್ವರ ಬಂದು ತೀರಿಕೊಂಡರು. ಅಲ್ಲಿಂದ ಮನೆಯಲ್ಲಿ ನಾವಿಬ್ಬರೇ. ಸಂಜೆ ಅವಳು ಶಾಲೆಯಿಂದ ಬಂದವಳೇ ಮುಖ ತೊಳೆದು ಬಾಗಿಲ ಹತ್ತಿರ ಕೂತು ಗಟ್ಟಿಯಾಗಿ ಪಾಠ ಓದುವುದು, ನಾನು ಎದುರಿಗೆ ಕೂತು ಹೂ ಕಟ್ಟುವುದು. ಮೌನವಾಗಿ ಓದಿದರೆ ಅವಳಿಗೆ ತಲೆಗೆ ಹತ್ತುವುದಿಲ್ಲ, ಅವಳ ದನಿ ಇಲ್ಲದಿದ್ದರೆ ನನಗೆ ಕೈ ಓಡುವುದಿಲ್ಲ. ನಾನು ಓದಿದ್ದು ಐದನೇ ಕ್ಲಾಸು; ಅವಳ ಜೊತೆ ಕೂತು ಏಳನೇ ಕ್ಲಾಸಿನವರೆಗೆ ಕಿವಿಯಲ್ಲೇ ಓದಿಬಿಟ್ಟೆ.

"ಅವ್ವ, ಎಲೇಲಿ ಅಡುಗೆ ಮಾಡೋದು ಯಾವ್ದು ಹೇಳು?" ಎಂದು ನಡುವೆ ನಡುವೆ ಪರೀಕ್ಷೆ ಮಾಡುತ್ತಿದ್ದಳು.

"ಪತ್ರಹರಿತ್ತು ಕಣೆ."

"ಪಾಸ್!"

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಅವಳ ಟೀಚರ್ ಶೈಲಜಾ ಮೇಡಂ ನನ್ನನ್ನು ಶಾಲೆಗೆ ಕರೆಸಿದರು. ಪ್ರವೇಶ ಪರೀಕ್ಷೆ ಬರೆದು ಪಾಸಾದವರನ್ನು ಮಾತ್ರ ಎಂಟನೇ ಕ್ಲಾಸಿಗೆ ಸೇರಿಸಿಕೊಳ್ಳುವ ಒಂದು ಸರ್ಕಾರಿ ಹೈಸ್ಕೂಲು ಇದೆ, ಅಲ್ಲಿ ಹತ್ತನೇ ಕ್ಲಾಸಿನವರೆಗೆ ಊಟ, ಪಾಠ, ಪುಸ್ತಕ ಎಲ್ಲ ಅವರದೇ ಎಂದರು. "ಜಿಲ್ಲೆಗೆಲ್ಲಾ ಸೇರಿ ಬೆರಳೆಣಿಕೆ ಸೀಟು ಕಣ್ರೀ ಮಹದೇವಮ್ಮ. ಆದ್ರೆ ಇವಳಿಗೆ ಸಿಗುತ್ತೆ. ಬರೀಲಿ ಬಿಡಿ."

"ದಿನಾ ಹೋಗಿ ಬರೋದು ಹೆಂಗೆ ಮೇಡಂ?"

"ಹೋಗಿ ಬರೋದಲ್ಲ, ಅಲ್ಲೇ ಇರೋದು. ಹಾಸ್ಟೆಲ್ಲು. ತಿಂಗಳಿಗೊಂದು ಭಾನುವಾರ ನೀವು ಹೋಗಿ ನೋಡ್ಕೊಂಡು ಬರ್ಬೋದು."

ಎರಡು ಬಸ್ಸು, ಮೂರು ಗಂಟೆ ದಾರಿ. ಆದರೂ ಅರ್ಜಿಗೆ ಸಹಿ ಹಾಕಿದೆ, ಏಕೆಂದರೆ ಮಗಳು ಪಕ್ಕದಲ್ಲೇ ನಿಂತು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ಅದೇ ಮಾತು.

"ಅವ್ವ, ಅಲ್ಲಿ ಲ್ಯಾಬ್ ಐತಂತೆ. ಕಪ್ಪೆ ಒಳಗೆ ಏನೇನಿರುತ್ತೆ ಅಂತ ನಾವೇ ನೋಡ್ಬೋದಂತೆ."

"ಕಪ್ಪೆ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ ಮೋರಿಲಿಲ್ವಾ?"

ಅವಳು ನಕ್ಕಳು. ನಾನೂ ನಕ್ಕೆ. ನನ್ನ ಮಾತಿನ ಒಳಗೆ ಏನಿತ್ತು ಎಂದು ಅವಳಿಗೆ ತಿಳಿಯಲಿಲ್ಲ.

ಫೆಬ್ರವರಿಯಲ್ಲಿ ಪರೀಕ್ಷೆಯಾಯಿತು. ಚೆನ್ನಾಗಿ ಬರೆದಿದ್ದೇನೆ ಎಂದಳು. ಫಲಿತಾಂಶ ಮೇ ತಿಂಗಳಲ್ಲಿ. ಅಲ್ಲಿಯವರೆಗಿನ ದಿನಗಳಲ್ಲಿ ನಾನು ಬೀದಿಯವರೆದುರು "ಸಿಕ್ಕಿದ್ರೆ ಪುಣ್ಯ" ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಸಂಜೆ ಐದು ಗಂಟೆಯ ಹೊತ್ತಿಗೆ ಅವಳಿಲ್ಲದ ಬಾಗಿಲು ಕಾಣುತ್ತಿತ್ತು. ಗಂಡ ಸತ್ತಾಗ ಅಳಲು ಮಡಿಲಲ್ಲಿ ಇವಳಿದ್ದಳು. ಇವಳೂ ಹೋದರೆ ಯಾರೊಡನೆ ಮಾತಾಡಲಿ, ಕನಕಾಂಬರದ ಜೊತೆಗಾ?

ಫಲಿತಾಂಶಕ್ಕೆ ಮೂರು ದಿನ ಇದೆ ಎನ್ನುವಾಗ, ಶುಕ್ರವಾರ, ಹೂ ಕೇಳೋಣ ಎಂದು ಮಗಳೇ ಹಟ ಹಿಡಿದಳು. ನಮ್ಮ ಗುಡಿಯ ಪದ್ಧತಿ ನಿಮಗೆ ಗೊತ್ತೇ ಇದೆ, ಹೊಸಬರಿಗಾಗಿ ಹೇಳುತ್ತೇನೆ. ಅಮ್ಮನ ಮುಂದೆ ನಿಂತು ನಮ್ಮ ಕೋರಿಕೆಯನ್ನು ಮನಸ್ಸಿನಲ್ಲೇ ನೆನೆಯಬೇಕು, ಬಾಯಿಬಿಟ್ಟು ಹೇಳಬಾರದು. ಅಮ್ಮನ ಬಲಗಡೆಯಿಂದ ಹೂವು ಬಿದ್ದರೆ ಆಗುತ್ತದೆ ಎಂದು, ಎಡಗಡೆಯಿಂದ ಬಿದ್ದರೆ ಆಗುವುದಿಲ್ಲ ಎಂದು.

ಅವತ್ತಿನ ಹಾರ ಕಟ್ಟಲು ಕೂತಾಗ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ. ಕೆಂಪು ಕಣಗಿಲೆಯ ಹಾರ, ಎರಡು ಭುಜಕ್ಕೆ ಬರುವಲ್ಲಿ ಒಂದೊಂದು ದಪ್ಪ ಸೇವಂತಿಗೆ. ಎಡಭುಜದ ಸೇವಂತಿಗೆಯನ್ನು ಎಂದಿನಂತೆ ಬಿಗಿದೆ. ಬಲಭುಜದ್ದಕ್ಕೆ ಒಂದೇ ಸುತ್ತು, ಗಂಟಿಲ್ಲ. ಉಸಿರು ಬಿಟ್ಟರೆ ಬೀಳಬೇಕು. ಇಪ್ಪತ್ತು ವರ್ಷದಲ್ಲಿ ಬೇಕೆಂದು ಸಡಿಲವಾಗಿ ಕಟ್ಟಿದ ಹೂವು ಅದೊಂದೇ. ನಾನು ಕೇಳಲಿದ್ದದ್ದು ಸೀಟು ಸಿಗದಿರಲಿ ಎಂದು; ಬಲಗಡೆ ಬಿದ್ದರೆ ಅದನ್ನು ಅಮ್ಮ ಒಪ್ಪಿದ ಹಾಗಲ್ಲವೇ? ಒಪ್ಪಿದ ಮೇಲೆ ಅವಳೂ ಮಾತು ತಪ್ಪುವಂತಿಲ್ಲವಲ್ಲ. ಮಕ್ಕಳ ಜೊತೆ ಕಾಯಿನ್ ಚಿಮ್ಮಿ, ಯಾವ ಕಡೆ ಬಿದ್ದರೂ ನಾನೇ ಗೆದ್ದೆ ಅನ್ನುವಂಥ ಲೆಕ್ಕ ನನ್ನದು.

ಚಿಕ್ಕಣ್ಣನವರು ಪರದೆ ಎಳೆದು ಅಲಂಕಾರ ಮಾಡಿದರು. ಪರದೆ ತೆಗೆದಾಗ ಅಮ್ಮನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಕಣ್ಣು ಮುಚ್ಚಿ, 'ಇವಳನ್ನ ನನ್ನ ಹತ್ರಾನೇ ಉಳಿಸು ತಾಯಿ, ಆ ಸೀಟು ಸಿಗದೇ ಇರ್ಲಿ' ಎಂದು ಬೇಡಿದೆ. ಪಕ್ಕದಲ್ಲಿ ಮಗಳು ಕೈ ಮುಗಿದು ನಿಂತಿದ್ದಳು. ಗಂಟೆಯ ಸದ್ದು ನಿಂತು ಸ್ವಲ್ಪ ಹೊತ್ತಾಯಿತು. ಆಮೇಲೆ ಚಿಕ್ಕಣ್ಣನವರ ಗಂಟಲು.

"ಬಲಕ್ಕೆ ಕೊಟ್ಳು ಕಣಮ್ಮ! ಬಲಕ್ಕೇ ಕೊಟ್ಬುಟ್ಳು! ತಗೋ ಮಗ, ನಿನ್ ಸೀಟು ಆಯ್ತು ಅಂದ್ಕೋ."

ಬಿದ್ದ ಹೂವನ್ನು ಅವರು ಮಗಳ ಕೈಗೇ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಮನೆಗೆ ಓಡಿದಳು. ನಾನು ಆ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಯಾವ ಹೂವು ಎಂದು ನನಗೆ ಗೊತ್ತಿತ್ತಲ್ಲ. ವಠಾರದವರಿಗೆಲ್ಲ ಅವಳು ಹೇಳಿಬಂದಳು, ಅಮ್ಮ ಬಲಕ್ಕೆ ಕೊಟ್ಟಳು ಎಂದು.

ಸೋಮವಾರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ಕೆಳಗೆ ಕಾಯುವವರ ಪಟ್ಟಿಯಲ್ಲಿ ನಾಲ್ಕನೆಯದಾಗಿ ಇತ್ತು. "ಈ ಶಾಲೆ ಸೀಟನ್ನ ಯಾರೂ ಬಿಡಲ್ಲ ಕಣ್ರೀ, ಆಸೆ ಇಟ್ಕೋಬೇಡಿ" ಎಂದು ಹೇಳಿ ಶೈಲಜಾ ಮೇಡಂ ಬೇಸಿಗೆ ರಜೆಗೆ ತವರಿಗೆ ಹೋದರು. ಸುಳ್ಳು ಹೇಳಲಾರೆ, ಆ ಕ್ಷಣ ನನಗೆ ಖುಷಿಯಾಯಿತು. ಮಗಳ ಕಡೆ ನೋಡುವವರೆಗೆ ಮಾತ್ರ.

"ಅಮ್ಮ ಬಲಕ್ಕೆ ಕೊಟ್ಟಿದ್ಳಲ್ಲವ್ವ?" ಎಂದಳು. ಅಷ್ಟೇ. ಅಳಲಿಲ್ಲ.

ಅವತ್ತಿನಿಂದ ಅವಳು ಗುಡಿಯ ಕಡೆ ಕಾಲಿಡಲಿಲ್ಲ. ಗಟ್ಟಿಯಾಗಿ ಓದುವುದಿರಲಿ, ಪುಸ್ತಕವನ್ನೇ ಮುಟ್ಟಲಿಲ್ಲ. ಮೊದಲೆಲ್ಲ ನನ್ನ ಫೋನು ಅವಳ ಕೈಯಲ್ಲೇ ಇರುತ್ತಿತ್ತು. ಇಂಗ್ಲಿಷಿನಲ್ಲಿ ಬರುವ ಮೆಸೇಜುಗಳನ್ನು ಓದಿ ಹೇಳುವವಳು ಅವಳೇ. ಈಗ ಅದನ್ನೂ ಮುಟ್ಟುತ್ತಿರಲಿಲ್ಲ. ಊಟಕ್ಕೆ ಕರೆದರೆ ಬಂದು ಉಣ್ಣುವುದು, ಕೇಳಿದ್ದಕ್ಕೆ "ಹೂಂ" ಅನ್ನುವುದು, ಗೋಡೆಗೆ ಮುಖ ಮಾಡಿ ಮಲಗುವುದು. ಸಂಜೆ ಐದಕ್ಕೆ ನಾನು ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತರೆ ಮನೆಯಲ್ಲಿ ಬಾಳೆನಾರು ಎಳೆಯುವ ಸದ್ದು ಬಿಟ್ಟು ಇನ್ನೊಂದಿಲ್ಲ. ನಾನು ಯಾವ ಒಂಟಿತನಕ್ಕೆ ಹೆದರಿ ಅಷ್ಟೆಲ್ಲ ಮಾಡಿದೆನೋ, ಅದು ಮಗಳು ಮನೆಯಲ್ಲಿರುವಾಗಲೇ ಒಳಗೆ ಬಂದು ಕೂತಿತ್ತು. ಕೇಳಿದ್ದು ನಾನೇ. ಯಾರ ಹತ್ತಿರ ಹೇಳಿಕೊಳ್ಳಲಿ?

ವಠಾರದ ಹೆಂಗಸರು ಸಮಾಧಾನ ಹೇಳಲು ಬರುತ್ತಿದ್ದರು. "ಹೋಗ್ಲಿ ಬುಡು ಮಾದೇವಮ್ಮ, ಹೆಣ್ಮಗ ಕಣ್ಮುಂದೆ ಇರ್ತದಲ್ಲ." ನಾನು ತಲೆಯಾಡಿಸುತ್ತಿದ್ದೆ. ಒಳಗೆ ಕಪಾಳಕ್ಕೆ ಹೊಡೆದ ಹಾಗಾಗುತ್ತಿತ್ತು. ವರ್ತನೆಯ ಮನೆಗಳಲ್ಲಿ ಎರಡು ಮಾತಾಡಿ ಬರುತ್ತಿದ್ದವಳು ಹೂವನ್ನು ಗೇಟಿಗೆ ಸಿಕ್ಕಿಸಿ ಬರತೊಡಗಿದೆ. ಅಮ್ಮನ ಹಾರವನ್ನು ಗುಡಿಯ ಮೆಟ್ಟಿಲ ಮೇಲಿಟ್ಟು, ಒಳಗೆ ಹೋಗದೆ ತಿರುಗಿಬಿಡುತ್ತಿದ್ದೆ.

ಹೀಗೇ ಎರಡು ವಾರ ಕಳೆದವು. ಶುಕ್ರವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಬುಟ್ಟಿ ವಾಪಸು ತರಲು ಗುಡಿಗೆ ಹೋದೆ. ಯಾರೂ ಇರಲಿಲ್ಲ. ಚಿಕ್ಕಣ್ಣನವರು ಒಬ್ಬರೇ ಹಿತ್ತಾಳೆ ತಟ್ಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ನಾನು ಬುಟ್ಟಿ ಎತ್ತಿಕೊಂಡವಳು ಹಾಗೆಯೇ ಕಂಬಕ್ಕೆ ಒರಗಿ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ: ಬೇಡಿದ್ದು, ಸಡಿಲ ಕಟ್ಟಿದ್ದು, ಅಮ್ಮನಿಗೆ ಮಾಡಿದ ಮೋಸಕ್ಕೆ ಮಗಳು ಅನುಭವಿಸುತ್ತಿರುವುದು.

ಅವರು ತಟ್ಟೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಸೇವಂತಿಗೆ ಅಲ್ವಾ? ಬಲ್ಗಡೆ ಭುಜದ್ದು?"

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದೆ.

"ಪರದೆ ಒಳಗೆ ಹಾರ ಏರಿಸ್ವಾಗ್ಲೇ ಅದು ನನ್ ಕೈಗೆ ಬಂದ್ಬುಡ್ತು. ಮಾದೇವಮ್ಮನ ಕೈಲೂ ತಪ್ಪಾಯ್ತದಲ್ಲ ಅಂದ್ಕಂಡೆ. ಎತ್ತಿ ಅಮ್ಮನ ಪಾದದ ತಾವ ಮಡಗ್ದೆ."

"ಹಂಗಾದ್ರೆ ಬಿದ್ದದ್ದು ಯಾವ್ದಣ್ಣ?"

"ಕಣಗಿಲೆ. ಹಾರದಲ್ಲಿದ್ದದ್ದೇ. ನಾನೇ ಎತ್ತಿ ನಿನ್ ಮಗಳ ಕೈಗೆ ಕೊಟ್ನಲ್ಲ, ನೀನು ನೋಡ್ನಿಲ್ವಾ?"

ಕಣಗಿಲೆಗಳನ್ನೆಲ್ಲ ನಾನು ಎರಡು ಸುತ್ತು ಬಿಗಿದು ಕಟ್ಟಿದ್ದೆ. ಅದು ಬಿದ್ದಿದೆ ಎಂದರೆ ಬೀಳಿಸಿದ್ದು ನಾನಲ್ಲ. ಮೊದಲು ಬಂದ ಯೋಚನೆ ಇನ್ನೂ ಭಯಂಕರವಾಗಿತ್ತು. "ಹಂಗಾದ್ರೆ ನಾನು ಕೇಳಿದ ಕೆಟ್ಟದ್ದನ್ನ ಅಮ್ಮ ನಿಜವಾಗ್ಲೂ ಕೊಟ್ಬುಟ್ಳಾ ಅಣ್ಣ?"

ಆಗ ಅವರು ತಟ್ಟೆ ಕೆಳಗಿಟ್ಟರು. "ಅಲ್ಲ ಕಣಮ್ಮ, ಅವತ್ತು ಅಮ್ಮನ ಮುಂದೆ ನೀನೊಬ್ಳೇ ನಿಂತಿದ್ಯಾ? ಪಕ್ಕದಲ್ಲಿ ಆ ಮಗೂನೂ ಕೈ ಮುಗ್ಕಂಡು ನಿಂತಿತ್ತು. ಹೂವು ನಿಂಗೇ ಕೊಟ್ಳು ಅಂತ ನೀನ್ ಎಂಗೆ ಅಂದ್ಕಂಡೆ?"

ಹೂ ಕೇಳೋಣ ಎಂದು ಹಟ ಹಿಡಿದವಳು ಮಗಳು. ಹೂವು ಹೋದದ್ದು ಮಗಳ ಕೈಗೆ. ಇದರಲ್ಲಿ ಅವಳೂ ಏನೋ ಬೇಡಿರಬಹುದು ಎಂಬುದು ಇಷ್ಟು ದಿನವಾದರೂ ನನಗೆ ಹೊಳೆದೇ ಇರಲಿಲ್ಲ.

"ಹೋಗು, ಮಗೀಗೆ ಹೇಳು."

"ಹೆಂಗೆ ಹೇಳ್ಲಣ್ಣ?"

"ಬಾಯಲ್ಲಿ" ಎಂದು ಅವರು ಮತ್ತೆ ತಟ್ಟೆ ಎತ್ತಿಕೊಂಡರು.

ಮನೆಗೆ ಹೋದೆ. ಮಗಳು ಮಲಗಿದ್ದಳು. ಅವತ್ತಿನ ಹೂವು ಎಲ್ಲಿ ಎಂದು ಕೇಳಿದೆ. "ಯಾಕೆ?" ಎಂದಳು, ಆದರೂ ಎದ್ದು ವಿಜ್ಞಾನದ ಪುಸ್ತಕದ ಮಧ್ಯದಿಂದ ತೆಗೆದು ಕೊಟ್ಟಳು. ಎಸೆದಿರಲಿಲ್ಲ! ಒಣಗಿ ಕಪ್ಪಾದ ಕಣಗಿಲೆ. ತೊಟ್ಟಿನಲ್ಲಿ ಬಾಳೆನಾರಿನ ಎರಡು ಸುತ್ತಿನ ಗುರುತು ಇನ್ನೂ ಇತ್ತು. ನನ್ನ ಗುರುತು ನನಗೆ ತಿಳಿಯದೇ?

ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹದಿಮೂರು ವರ್ಷದ ಹುಡುಗಿಯ ಮುಂದೆ ಅಷ್ಟು ಚಿಕ್ಕವಳಾಗಿ ನಾನು ಯಾವತ್ತೂ ನಿಂತಿರಲಿಲ್ಲ.

"ನಾನು ಹೋಗೋದು ನಿಂಗೆ ಬೇಡ್ವಾಗಿತ್ತಾ?"

"ಬೇಡ್ವಾಗಿತ್ತು."

"ಈಗ?"

"ಈಗ್ಲೂ ಬೇಡ ಕಣೆ. ಆದ್ರೆ ನೀನು ಹೋಗ್ಬೇಕು."

ಆಗ ಅವಳು ಅತ್ತಳು. ಪಟ್ಟಿ ಬಂದ ದಿನದಿಂದ ತಡೆದಿಟ್ಟ ಅಳುವೆಲ್ಲ ಒಟ್ಟಿಗೆ ಬಂತು. ನನ್ನ ಮೇಲೆ ಸಿಟ್ಟೂ ಬಂದಿರಬೇಕು, ಭುಜಕ್ಕೆ ಎರಡು ಗುದ್ದಿದಳು. ಆಮೇಲೆ ಮೂಗೊರೆಸಿಕೊಂಡು, "ಒಂಬತ್ತನೇ ಕ್ಲಾಸಿಗೆ ಮತ್ತೆ ಪರೀಕ್ಷೆ ಇರುತ್ತಾ ಅಂತ ಮೇಡಂನ ಕೇಳ್ತೀನಿ, ಫೋನ್ ಕೊಡು" ಎಂದಳು. ಎರಡು ವಾರದ ಮೇಲೆ ಮೊದಲ ಸಲ ಫೋನು ಮುಟ್ಟಿದಳು. ಮುಟ್ಟಿದವಳು ಹಾಗೇ ನಿಂತುಬಿಟ್ಟಳು.

"ಅವ್ವ. ಅವ್ವ! ಮಂಗಳವಾರನೇ ಮೆಸೇಜ್ ಬಂದೈತೆ!"

ಕಾಯುವವರ ಪಟ್ಟಿಯಿಂದ ಅವಳ ಸರದಿ ಬಂದಿತ್ತು. ಮೂಲ ದಾಖಲೆಗಳೊಂದಿಗೆ ಶನಿವಾರ ಸಂಜೆ ನಾಲ್ಕರೊಳಗೆ ಬಂದು ಸೇರಬೇಕು, ಬರದಿದ್ದರೆ ಸೀಟು ಮುಂದಿನವರಿಗೆ ಎಂದಿತ್ತು. ಶನಿವಾರ ಎಂದರೆ ಮರುದಿನ! ಆ ವಾರದಲ್ಲಿ ಗೊತ್ತಿಲ್ಲದ ನಂಬರಿನಿಂದ ಎರಡು ಸಲ ಫೋನೂ ಬಂದಿತ್ತು. ಯಾವುದೋ ಕಂಪನಿಯವರು ಎಂದು ನಾನೇ ಕಟ್ ಮಾಡಿದ್ದೆ. ನಾನು ಗುಡಿಯಲ್ಲಿ ಆ ದಿನ ಬಾಯಿ ಬಿಡದಿದ್ದರೆ, ಅವಳು ಫೋನು ಮುಟ್ಟುತ್ತಿರಲಿಲ್ಲ. ಒಂದು ದಿನ ತಡವಾಗಿದ್ದರೂ ಮುಗಿದಿತ್ತು. ಇದನ್ನು ಕಾಕತಾಳೀಯ ಎನ್ನುವವರು ಅನ್ನಲಿ, ನಾನು ಅವರ ಹತ್ತಿರ ಜಗಳಕ್ಕೆ ಹೋಗುವುದಿಲ್ಲ.

ಶನಿವಾರ ವರ್ತನೆಯ ಮನೆಗಳಿಗೆ ಹೂವಿಲ್ಲ. ಟ್ರಂಕಿನಿಂದ ಟಿ.ಸಿ., ಜಾತಿ ಪತ್ರ, ಆದಾಯ ಪತ್ರ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ, ಹತ್ತು ಗಂಟೆಗೆ ಸಬರ್ಬ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆವು. ಮೊದಲ ಬಸ್ಸು ದಾರಿಯಲ್ಲಿ ಪಂಕ್ಚರಾಗಿ ಒಂದು ಗಂಟೆ ನಿಂತಿತು. ಎರಡನೆಯದು ಕಣ್ಣೆದುರೇ ಹೊರಟುಹೋಗಿ, ಮುಂದಿನದಕ್ಕೆ ಕಾದೆವು. ಮಗಳು ಕವರನ್ನು ಎದೆಗೊತ್ತಿಕೊಂಡು ಕೂತಿದ್ದಳು. ನಾನು ದಾರಿಯುದ್ದಕ್ಕೂ ಬೇಡಿದೆ. ಈ ಸಲ ಒಂದೇ ಮಾತು: 'ಇವಳು ಏನು ಕೇಳಿದ್ದಾಳೋ ಅದನ್ನ ಕೊಡು.'

ಮೂರೂಕಾಲಿಗೆ ಶಾಲೆಯ ಆಫೀಸಿನಲ್ಲಿದ್ದೆವು. ಗುಮಾಸ್ತೆ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಭೂಮಿಕಾನಾ? ಎರಡು ಸಲ ಫೋನ್ ಮಾಡಿದ್ವಿ, ತೆಗೀಲೇ ಇಲ್ವಲ್ರೀ. ಸೋಮವಾರ ಮುಂದಿನವರನ್ನ ಕರೀತಿದ್ವಿ." ದಾಖಲೆಗಳನ್ನೆಲ್ಲ ನೋಡಿ, ಕೊನೆಗೆ ಒಂದು ಕಾಗದವನ್ನು ನನ್ನ ಮುಂದಿಟ್ಟರು. ಮಗುವನ್ನು ವಸತಿ ಶಾಲೆಯಲ್ಲಿ ಬಿಡಲು ನನ್ನ ಪೂರ್ಣ ಒಪ್ಪಿಗೆ ಇದೆ ಎಂದು ಬರೆದಿತ್ತು. 'ಪೂರ್ಣ' ಎನ್ನುವಲ್ಲಿ ನನ್ನ ಕಣ್ಣು ನಿಂತಿತು. ಮಗಳು ಈ ಸಲ ನನ್ನ ಸೆರಗಿನ ತುದಿಯನ್ನು ಹಿಡಿಯಲಿಲ್ಲ. ನಾನು ಸಹಿ ಹಾಕಿದೆ.

ಜೂನ್ ತಿಂಗಳಲ್ಲಿ ಅವಳ ಟ್ರಂಕು, ಹಾಸಿಗೆ, ಬಕೆಟ್ಟಿನೊಂದಿಗೆ ಮತ್ತೆ ಅದೇ ಎರಡು ಬಸ್ಸು. ಅವಳು ಹೊಸ ಹುಡುಗಿಯರ ಜೊತೆ ಒಳಗೆ ಹೋದವಳು ಒಂದು ಸಲ ಓಡಿಬಂದು, "ಅವ್ವ, ಉಣ್ಣದೆ ಮಲಗ್ಬೇಡ" ಎಂದು ಗದರಿ ಹೋದಳು. ವಾಪಸು ಬರುವಾಗ ಕಿಟಕಿಯ ಪಕ್ಕ ಕೂತೆ. "ಎಷ್ಟು ಜನ ಅಮ್ಮ?" ಎಂದು ಕಂಡಕ್ಟರು ಕೇಳಿದಾಗ "ಇಬ್ರು" ಎಂದುಬಿಟ್ಟೆ. ಅವರು ಪಕ್ಕದ ಖಾಲಿ ಸೀಟು ನೋಡಿದರು. "ಅಲ್ಲ ಸ್ವಾಮಿ, ಒಬ್ಳೇ" ಎಂದೆ.

ಒಂಟಿತನ ಹೋಯಿತು ಎಂದು ಬರೆದರೆ ಅಮ್ಮನ ಪುಸ್ತಕದಲ್ಲಿ ಸುಳ್ಳು ಬರೆದ ಹಾಗಾಗುತ್ತದೆ. ಹೋಗಿಲ್ಲ. ಸಂಜೆ ಐದಕ್ಕೆ ಬಾಗಿಲು ನೋಡುತ್ತೇನೆ. ಕೆಲವು ದಿನ ಇಡೀ ಸಂಜೆ ನನ್ನ ದನಿ ನನಗೇ ಕೇಳಿಸಿರುವುದಿಲ್ಲ. ಆಗ ಹೂ ಕಟ್ಟುತ್ತ, ಎಲೆ ಹೇಗೆ ಅಡುಗೆ ಮಾಡಿಕೊಳ್ಳುತ್ತದೆ ಎಂದು ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಆದರೆ ಆ ಎರಡು ವಾರ ಮಗಳನ್ನು ಪಕ್ಕದಲ್ಲಿಟ್ಟುಕೊಂಡು ಅನುಭವಿಸಿದ್ದರ ಮುಂದೆ ಇದು ಹೊರಲಾಗದ ಭಾರವಲ್ಲ. ನನ್ನ ಕೆಟ್ಟ ಬೇಡಿಕೆಯನ್ನು ಕೇಳಿಸಿಕೊಂಡೂ ಕೊಡದೇ ಹೋದ ತಾಯಿಗೆ ದಿನಾ ಕೈ ಮುಗಿಯುತ್ತೇನೆ. ನೀವೂ ಹೂ ಕೇಳಲು ನಿಂತಾಗ, ಕಣ್ಣು ಮುಚ್ಚುವ ಮೊದಲು ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಿ.

ಭಾನುವಾರ ಸಂಜೆ ನಾಲ್ಕಕ್ಕೆ ಅವಳಿಗೆ ಹತ್ತು ನಿಮಿಷ ಫೋನ್ ಕೊಡುತ್ತಾರೆ. ಕ್ಷೇಮ ಸಮಾಚಾರ ಎರಡೇ ನಿಮಿಷ. "ಕಪ್ಪೆ ನೋಡಿದ್ಯೇನೆ?" ಎಂದು ನಾನು ಕೇಳುತ್ತೇನೆ, "ಇನ್ನೂ ಇಲ್ಲ ಕಣವ್ವ" ಎನ್ನುತ್ತಾಳೆ. ಉಳಿದ ಎಂಟು ನಿಮಿಷ ಅವಳು ಪಾಠ ಓದುತ್ತಾಳೆ, ನಾನು ಫೋನನ್ನು ಸ್ಪೀಕರಿಗೆ ಹಾಕಿಟ್ಟು ಹೂ ಕಟ್ಟುತ್ತೇನೆ. ಆ ಹೊತ್ತಿನಲ್ಲಿ ಕಟ್ಟಿದ ಹೂವನ್ನು ಮಾರುವುದಿಲ್ಲ. ಅದು ಆ ಸಂಜೆಯೇ ಅಮ್ಮನಿಗೆ ಹೋಗುತ್ತದೆ. ಬಲಗಡೆಗೂ ಎಡಗಡೆಗೂ ಎರಡೆರಡು ಸುತ್ತು ಬಿಗಿದು ಗಂಟು ಎಳೆದಿರುತ್ತೇನೆ. ಅದರ ಮೇಲೂ ಬೀಳಿಸಬೇಕೆಂದರೆ ಅಮ್ಮನೇ ಬೀಳಿಸುತ್ತಾಳೆ. ನಾನು ಕಣ್ಣು ಬಿಟ್ಟುಕೊಂಡೇ ನಿಂತಿರುತ್ತೇನೆ.